ಬಿಸಿಗಾಳಿ ಚೋಕ್ ತೊಂದರೆಗಳು: ಹಳೆಯ ಅಮೆರಿಕನ್ ಕಾರುಗಳಲ್ಲಿ ಶಾಖದ ದಾರಿಯನ್ನು ಪರಿಶೀಲಿಸುವ ಕ್ರಮ

ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಚೋಕ್ ಎಂದರೆ ಬೆಳಿಗ್ಗೆ ಕೈಯಿಂದ ಎಳೆದು, ಎಂಜಿನ್ ಬಿಸಿಯಾದ ಮೇಲೆ ಕೈಯಿಂದಲೇ ಒಳಕ್ಕೆ ತಳ್ಳುವ ಗುಂಡಿ. ಅದೇ ಕಾಲದ ಷೆವರ್ಲೆ, ಫೋರ್ಡ್, ಬ್ಯೂಕ್, ಓಲ್ಡ್ಸ್‌ಮೊಬೈಲ್‌ನಂತಹ ಅಮೆರಿಕನ್ ಕಾರುಗಳ ಪೈಕಿ ಹೆಚ್ಚಿನವುಗಳಲ್ಲಿ ಆ ಗುಂಡಿ ಇರುವುದಿಲ್ಲ. ಅಲ್ಲಿ ಚೋಕನ್ನು ಮುಚ್ಚುವುದು ಹವೆಯ ತಂಪು, ತೆರೆಯುವುದು ಎಂಜಿನ್ ಹೊರಬಿಡುವ ಹೊಗೆಯ ಶಾಖ. ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 1932ರಲ್ಲಿ ಬಂದ ಸ್ವಯಂಚಾಲಿತ ಚೋಕ್, ಕಾರ್ಬುರೇಟರ್‌ಗಳು ಮರೆಯಾದ 1980ರ ದಶಕದವರೆಗೂ ಹಲವು ರೂಪಗಳಲ್ಲಿ ಉಳಿದುಕೊಂಡಿತು.

‘ಚೋಕ್ ಕೆಟ್ಟಿದೆ’ ಎಂಬ ದೂರಿನೊಂದಿಗೆ ಬರುವ ಕಾರುಗಳಲ್ಲಿ ಕೆಟ್ಟಿರುವುದು ಬಹಳ ಸಲ ಚೋಕ್ ಅಲ್ಲ, ಅದಕ್ಕೆ ಶಾಖವನ್ನು ಮುಟ್ಟಿಸುವ ದಾರಿ. ಆದರೂ ಗ್ಯಾರೇಜಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಕಾರ್ಬುರೇಟರ್ ಪಕ್ಕದ ದುಂಡನೆಯ ಕಪ್ಪು ಮುಚ್ಚಳದ ಮೇಲೆ. ಮೂರು ಸ್ಕ್ರೂ ಸಡಿಲಿಸಿ ಮುಚ್ಚಳವನ್ನು ಎರಡು ಗೆರೆ ತಿರುಗಿಸಿದರೆ ಆ ದಿನದ ಮಟ್ಟಿಗೆ ಲಕ್ಷಣ ಮರೆಯಾಗುತ್ತದೆ. ಮೂಲ ದೋಷ ಹಾಗೇ ಉಳಿದು, ಅದರ ಮೇಲೆ ತಪ್ಪು ಹೊಂದಾಣಿಕೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಮುಚ್ಚಳ ತಿರುಗಿಸುವ ಕೆಲಸವನ್ನು ಇಲ್ಲಿ ಎಲ್ಲಕ್ಕಿಂತ ಕೊನೆಗೆ ಇಡಲಾಗಿದೆ.

ಶಾಖ ಚೋಕ್‌ವರೆಗೆ ಬರುವ ಬಗೆ

ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವುದು ಕಾರ್ಬುರೇಟರ್. ಎಂಜಿನ್ ತಣ್ಣಗಿರುವಾಗ ಅದು ಸುರಿಸಿದ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ಅದರ ಒಂದು ಭಾಗ, ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ತಣ್ಣನೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಲುಪುವ ಮಿಶ್ರಣ ತೆಳುವಾಗಿ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಕಾರ್ಬುರೇಟರ್ ಬಾಯಿಯಲ್ಲಿರುವ ಚೋಕ್ ಪ್ಲೇಟ್ ಮುಚ್ಚಿಕೊಂಡರೆ ಗಾಳಿ ಕಡಿಮೆಯಾಗಿ, ಒಳಗಿನ ಎಳೆತ ಹೆಚ್ಚಿ, ಪೆಟ್ರೋಲ್ ಧಾರಾಳವಾಗಿ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಇದೇ ಧಾರಾಳತನ ಕೇಡಾಗುತ್ತದೆ.

ಈ ಪ್ಲೇಟನ್ನು ಆಡಿಸುವುದು ಒಂದು ದ್ವಿಲೋಹ ಸುರುಳಿ. ಶಾಖಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದು, ಗಡಿಯಾರದ ಸ್ಪ್ರಿಂಗ್‌ನಂತೆ ಸುತ್ತಿ ಇದನ್ನು ಮಾಡಿರುತ್ತಾರೆ. ತಣ್ಣಗಿರುವಾಗ ಅದು ಪ್ಲೇಟನ್ನು ಮುಚ್ಚುವ ಕಡೆಗೆ ಒತ್ತುತ್ತದೆ, ಬಿಸಿಯಾದಂತೆ ಒತ್ತಡವನ್ನು ಬಿಡುತ್ತದೆ. ಪ್ಲೇಟಿನ ಅಚ್ಚನ್ನು ನಡುವಿನಿಂದ ತುಸು ಸರಿಸಿ ಕೂರಿಸಿರುವುದರಿಂದ, ಸುರುಳಿ ಸಡಿಲವಾದಷ್ಟೂ ಒಳನುಗ್ಗುವ ಗಾಳಿಯೇ ಪ್ಲೇಟನ್ನು ತೆರೆಯುತ್ತ ಹೋಗುತ್ತದೆ.

ಸುರುಳಿಗೆ ಶಾಖ ಬರುವ ದಾರಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಸುರುಳಿ ಕಾರ್ಬುರೇಟರ್‌ನದೇ ಡಬ್ಬಿಯಲ್ಲಿ, ಮೇಲೆ ಹೇಳಿದ ಕಪ್ಪು ಮುಚ್ಚಳದ ಹಿಂದೆ ಇರುತ್ತದೆ. ಹಲವು ಫೋರ್ಡ್ ಕಾರುಗಳ ಆಟೊಲೈಟ್ ಕಾರ್ಬುರೇಟರ್‌ಗಳಲ್ಲಿ, ರೋಚೆಸ್ಟರ್ 2ಜಿಸಿ, 4ಜಿಸಿ ಮಾದರಿಗಳಲ್ಲಿ ಕಾಣುವುದು ಇದೇ. ಸಿಲಿಂಡರ್‌ಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಳಗೆ, ಅಥವಾ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹೊಗೆ ಹಾದುಹೋಗುವ ಅಡ್ಡದಾರಿಯಲ್ಲಿ, ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಹೊರಮೈಯನ್ನು ಹೊಗೆ ಕಾಯಿಸುತ್ತದೆ, ಒಳಗೆ ಶುದ್ಧ ಗಾಳಿ ಹರಿಯುತ್ತದೆ. ಆ ಗಾಳಿಯನ್ನು ಎಳೆದುಕೊಳ್ಳುವುದು ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ನಿರ್ವಾತ: ಚೋಕ್ ಡಬ್ಬಿಯ ಒಳಗಿನ ಸಣ್ಣ ರಂಧ್ರ ಕಾರ್ಬುರೇಟರ್ ಅಡಿಯ ನಿರ್ವಾತಕ್ಕೆ ತೆರೆದಿರುತ್ತದೆ. ಹೊಗೆ ಮತ್ತು ಗಾಳಿ ಎಲ್ಲೂ ಬೆರೆಯಬಾರದು. ಬೆರೆತರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಎರಡನೆಯ ಬಗೆಯಲ್ಲಿ ಸುರುಳಿ ಕಾರ್ಬುರೇಟರ್‌ನಿಂದ ದೂರವಿದ್ದು, ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲಿನ ಒಂದು ಗುಳಿಯಲ್ಲಿ ಕುಳಿತಿರುತ್ತದೆ. ಗುಳಿಯ ಅಡಿಯಲ್ಲಿ ಹೊಗೆಯ ಅಡ್ಡದಾರಿ ಹಾದುಹೋಗುತ್ತದೆ. ಸುರುಳಿಯ ಚಲನೆಯನ್ನು ಒಂದು ತೆಳು ಸರಳು ಮೇಲಿನ ಪ್ಲೇಟಿಗೆ ಮುಟ್ಟಿಸುತ್ತದೆ. 1960ರ ದಶಕದ ಬಹಳಷ್ಟು ಷೆವರ್ಲೆ ವಿ8 (ಎಂಟು ಸಿಲಿಂಡರ್‌ಗಳು ಎರಡು ಸಾಲಿನಲ್ಲಿ ‘ವಿ’ ಆಕಾರದಲ್ಲಿರುವ) ಎಂಜಿನ್‌ಗಳಲ್ಲಿ ಇದನ್ನು ನೋಡಬಹುದು. ಇಲ್ಲಿ ಗಾಳಿಯ ಹರಿವಿನ ಗೊಡವೆಯಿಲ್ಲ, ಆದರೆ ಅಡ್ಡದಾರಿ ಮಸಿಯಿಂದ ಕಟ್ಟಿಕೊಂಡರೆ ಶಾಖವೇ ಇಲ್ಲ.

ಎಲ್ಲ ಸ್ವಯಂಚಾಲಿತ ಚೋಕ್‌ಗಳೂ ಹೊಗೆಯ ಶಾಖದಿಂದ ನಡೆಯುವುದಿಲ್ಲ. 1960ರ ದಶಕದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಸುರುಳಿಯನ್ನು ವಿದ್ಯುತ್ ಕಾಯಿಸುತ್ತದೆ. ಯುರೋಪಿನ ಕೆಲವು ಕಾರುಗಳಲ್ಲಿ ರೇಡಿಯೇಟರ್ ನೀರು ಆ ಕೆಲಸ ಮಾಡುತ್ತದೆ. ಅವುಗಳ ಪರೀಕ್ಷೆ ಬೇರೆ. ಡಬ್ಬಿಗೆ ಬಂದು ಸೇರುವುದು ತಂತಿಯೋ, ರಬ್ಬರ್ ಹೋಸೋ, ಲೋಹದ ಕೊಳವೆಯೋ ಎಂದು ನೋಡಿದರೆ ಗುರುತು ಸಿಗುತ್ತದೆ.

ಕೈ ಹಾಕುವ ಮುನ್ನ

ಈ ಪರೀಕ್ಷೆಗಳಲ್ಲಿ ಹಲವನ್ನು ಎಂಜಿನ್ ಓಡುತ್ತಿರುವಾಗಲೇ ಮಾಡಬೇಕಾಗಿರುವುದರಿಂದ ಕಾರು ಬಯಲಿನಲ್ಲಿರಬೇಕು. ಬಾಗಿಲು ಹಾಕಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ತುಂಬಿಕೊಳ್ಳುತ್ತದೆ, ಚೋಕ್ ಅಂಟಿಕೊಂಡ ಎಂಜಿನ್ ಆ ಅನಿಲವನ್ನು ಇನ್ನೂ ಹೆಚ್ಚು ಉಗುಳುತ್ತದೆ. ಏರ್ ಫಿಲ್ಟರ್ ತೆಗೆದಿರುವಾಗ ಸೆಲ್ಫ್ ಹೊಡೆಯುತ್ತ ಕಾರ್ಬುರೇಟರ್ ಬಾಯಿಗೆ ಮುಖ ಅಥವಾ ಅಂಗೈ ಒಡ್ಡಕೂಡದು. ತೆಳು ಮಿಶ್ರಣದಲ್ಲಿ ಬೆಂಕಿ ಹಿಂದಕ್ಕೆ ಚಿಮ್ಮುವುದು ಅಪರೂಪವಲ್ಲ. ಬಾಟಲಿಯಿಂದ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿಸುವ ರೂಢಿಯನ್ನು ಪೂರ್ತಿ ಬಿಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಕೂಡ ಬೇಗ ಹೊತ್ತಿಕೊಳ್ಳುವ ದ್ರವ. ಅದನ್ನು ಬಿಸಿ ಮ್ಯಾನಿಫೋಲ್ಡಿನ ಮೇಲೆ ಸಿಂಪಡಿಸಬಾರದು.

ಇನ್ನೊಂದು ಎಚ್ಚರಿಕೆಯನ್ನು ಹೇಳುವವರು ಕಡಿಮೆ. ಹಳೆಯ ಬಿಸಿಗಾಳಿ ಕೊಳವೆಗಳಿಗೆ ಸುತ್ತಿರುವ ಬಿಳಿಯ ಅಥವಾ ಬೂದು ಬಣ್ಣದ ನಾರಿನ ಹೊದಿಕೆ ಕಲ್ನಾರಾಗಿರಬಹುದು. ಅದನ್ನು ಕೆರೆಯುವುದಾಗಲಿ, ಗಾಳಿಯ ಪೈಪಿನಿಂದ ಊದುವುದಾಗಲಿ ಸಲ್ಲದು. ಪುಡಿಯಾಗುತ್ತಿದ್ದರೆ ಮುಟ್ಟದೆ ಬಿಟ್ಟು, ಕಲ್ನಾರಿನ ಕೆಲಸ ತಿಳಿದವರಿಂದ ತೆಗೆಸಿ, ಇಂದಿನ ಫೈಬರ್‌ಗ್ಲಾಸ್ ಹೊದಿಕೆ ಹಾಕಿಸಬೇಕು.

ಲಕ್ಷಣ: ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ

ಖರ್ಚಿಲ್ಲದ ಮೊದಲ ಪರೀಕ್ಷೆ ನಡೆಯುವುದು ಚಾಲಕನ ಸೀಟಿನಲ್ಲಿ. ಎಂಜಿನ್ ನಿಲ್ಲಿಸಿದಾಗ ಫಾಸ್ಟ್ ಐಡ್ಲ್ ಸ್ಕ್ರೂ (ತಣ್ಣನೆಯ ಎಂಜಿನ್ನಿನ ಐಡ್ಲಿಂಗ್ ವೇಗವನ್ನು ಏರಿಸಿಡುವ ಸ್ಕ್ರೂ), ಚೋಕ್‌ಗೆ ಜೋಡಿಸಿದ ಮೆಟ್ಟಿಲು ಮೆಟ್ಟಿಲಾದ ಕ್ಯಾಮ್‌ ಎಂಬ ತುಂಡಿಗೆ ಒತ್ತಿಕೊಂಡು ನಿಲ್ಲುತ್ತದೆ. ಸ್ಕ್ರೂ ಒತ್ತಿರುವಷ್ಟು ಹೊತ್ತು ಕ್ಯಾಮ್ ತಿರುಗದು, ಕ್ಯಾಮ್ ತಿರುಗದೆ ಚೋಕ್ ಮುಚ್ಚದು. ಆದ್ದರಿಂದ ಸೆಲ್ಫ್ ಹೊಡೆಯುವ ಮೊದಲು ಆಕ್ಸಿಲರೇಟರ್ ಪೆಡಲನ್ನು ಒಮ್ಮೆ ನೆಲಕ್ಕೆ ತಾಗುವಂತೆ ಒತ್ತಿ ಬಿಡಬೇಕು. ಇಂಜೆಕ್ಷನ್ ಕಾರುಗಳಿಗೆ ಒಗ್ಗಿದವರು ಪೆಡಲ್ ಮುಟ್ಟದೆ ಕೀಲಿ ತಿರುಗಿಸುತ್ತಾರೆ, ಚೋಕ್ ಇಡೀ ರಾತ್ರಿ ತೆರೆದೇ ಇದ್ದದ್ದು ಅವರ ಗಮನಕ್ಕೆ ಬರುವುದಿಲ್ಲ. ಹಲವು ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಹಾಗೆ ಮಾಡಿಯೂ ಹಿಡಿಯದಿದ್ದರೆ, ಇಗ್ನಿಷನ್ ಬಂದ್ ಇಟ್ಟು, ಏರ್ ಫಿಲ್ಟರ್ ತೆಗೆದು, ಯಾರಾದರೂ ಪೆಡಲ್ ಒತ್ತಿ ಬಿಡುವಾಗ ಪ್ಲೇಟನ್ನು ನೋಡಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಅದು ಹಗುರವಾಗಿ ಮುಚ್ಚಿಕೊಳ್ಳಬೇಕು. ಇಲ್ಲಿ ಹವೆಯ ಲೆಕ್ಕವನ್ನು ಮರೆಯಬಾರದು. ಕಾರ್ಖಾನೆಯ ಹೊಂದಾಣಿಕೆಯಲ್ಲಿ ಪ್ಲೇಟ್ ಪೂರ್ತಿ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತಂಪಿನಲ್ಲಿ. ಡೆಟ್ರಾಯಿಟ್‌ನ ಜನವರಿಯಲ್ಲಿ ಅದು ಬಿಗಿಯಾಗಿ ಮುಚ್ಚಿರುತ್ತದೆ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅರ್ಧಕ್ಕೆ ನಿಂತಿದ್ದರೆ ಅದು ದೋಷವಲ್ಲ, ಆ ಸೆಕೆಗೆ ಅಷ್ಟೇ ಚೋಕ್ ಸಾಕು.

ತಂಪಿನಲ್ಲೂ ಮುಚ್ಚದಿದ್ದರೆ ಪ್ಲೇಟನ್ನು ಬೆರಳಿನಿಂದ ಮೆಲ್ಲಗೆ ಆಡಿಸಬೇಕು. ತಡೆದು ತಡೆದು ಸರಿದರೆ ಅಚ್ಚಿನಲ್ಲಿ ಅಂಟು ಕಟ್ಟಿದೆ ಎಂದರ್ಥ. ಕ್ಲೀನರ್ ಸ್ಪ್ರೇಯನ್ನು ಅಚ್ಚಿನ ಎರಡೂ ತುದಿಗೆ ಮತ್ತು ಸರಳಿನ ಕೀಲುಗಳಿಗೆ ಹೊಡೆದು, ಪ್ಲೇಟ್ ತನ್ನ ಭಾರಕ್ಕೇ ಬೀಳುವಷ್ಟು ಹಗುರವಾಗುವವರೆಗೆ ಆಡಿಸಬೇಕು. ಆ ಬಳಿಕ ಎಣ್ಣೆ ಬಿಡಬಾರದು. ಎಣ್ಣೆ ಧೂಳನ್ನು ಹಿಡಿದು ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಂಟಾಗುತ್ತದೆ.

ಪ್ಲೇಟ್ ಹಗುರವಾಗಿದ್ದೂ ಸುರುಳಿ ಅದನ್ನು ಎಳೆಯದಿದ್ದರೆ, ಸುರುಳಿಯ ಕೊಕ್ಕೆ ಒಳಗಿನ ಸನ್ನೆಯಿಂದ ಜಾರಿರಬಹುದು. ಹಿಂದೆ ಯಾರೋ ಮುಚ್ಚಳ ಬಿಚ್ಚಿ ಹಾಕಿದ ಕಾರುಗಳಲ್ಲಿ ಇದು ಸಾಮಾನ್ಯ.

ಪ್ಲೇಟ್ ಸರಿಯಾಗಿ ಮುಚ್ಚುತ್ತಿದ್ದೂ ಎಂಜಿನ್ ಹಿಡಿಯದಿದ್ದರೆ ಚೋಕನ್ನು ಅಲ್ಲಿಗೆ ಬಿಟ್ಟು ಕಿಡಿ, ಪೆಟ್ರೋಲ್ ಪಂಪ್, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಇವುಗಳ ಕಡೆ ತಿರುಗಬೇಕು. ಭಾರತದಲ್ಲಿ ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ, ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಮಿಶ್ರಣವನ್ನೂ ತೆಳುವಾಗಿಸುತ್ತದೆ. ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬುರೇಟರ್ ತಂಪಿನಲ್ಲಿ ತುಸು ಮುನಿಸಿಕೊಂಡರೆ ಅದು ಚೋಕ್‌ನ ತಪ್ಪಲ್ಲ.

ಲಕ್ಷಣ: ಹಿಡಿಯುತ್ತದೆ, ಆದರೆ ಕೆಲವೇ ಕ್ಷಣಗಳಲ್ಲಿ ಆಫ್ ಆಗುತ್ತದೆ

ಎಂಜಿನ್ ಹಿಡಿದ ಮರುಕ್ಷಣವೇ ಪ್ಲೇಟ್ ಒಂದಿಷ್ಟು ತೆರೆಯಬೇಕು. ಶಾಖ ಬರಲು ಇನ್ನೂ ಹೊತ್ತಿದೆ. ಆದ್ದರಿಂದ ಈ ಮೊದಲ ತೆರೆಯುವಿಕೆಯನ್ನು ವ್ಯಾಕ್ಯೂಮ್ ಮಾಡುತ್ತದೆ. ಹಳೆಯ ಕಾರ್ಬುರೇಟರ್‌ಗಳಲ್ಲಿ ಚೋಕ್ ಡಬ್ಬಿಯ ಒಳಗಿನ ಪುಟ್ಟ ಪಿಸ್ಟನ್, ಮುಂದಿನವುಗಳಲ್ಲಿ ಹೊರಗೆ ಕೂರಿಸಿದ ಡಯಾಫ್ರಾಮ್ ಈ ಕೆಲಸಕ್ಕಿದೆ.

ಹೇಗೆ ಆಫ್ ಆಯಿತು ಎಂಬುದೇ ಕಾರಣವನ್ನು ಹೇಳುತ್ತದೆ. ಕಪ್ಪು ಹೊಗೆ ಬಿಟ್ಟು, ಉಸಿರುಗಟ್ಟಿದಂತೆ ನಿಧಾನವಾಗಿ ಆಫ್ ಆಗಿ, ಬಿಚ್ಚಿದ ಪ್ಲಗ್ ಒದ್ದೆಯಾಗಿದ್ದರೆ ಪ್ಲೇಟ್ ತೆರೆದಿಲ್ಲ. ಕಾರ್ಬುರೇಟರ್ ಮೂಲಕ ಕೆಮ್ಮಿ ಥಟ್ಟನೆ ಆಫ್ ಆದರೆ ಪ್ಲೇಟ್ ಅತಿಯಾಗಿ ತೆರೆದಿದೆ, ಇಲ್ಲವೇ ಎಲ್ಲೋ ವ್ಯಾಕ್ಯೂಮ್ ಸೋರುತ್ತಿದೆ.

ಡಯಾಫ್ರಾಮ್ ಪರೀಕ್ಷೆಗೆ ಉಪಕರಣ ಬೇಡ. ಅದರ ಹೋಸ್ ಕಳಚಿ, ದಂಡವನ್ನು ಕೈಯಿಂದ ಪೂರ್ತಿ ಒಳಕ್ಕೆ ಒತ್ತಿ, ಹೋಸ್ ಕೂರುವ ಮೂತಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಬಿಡಬೇಕು. ದಂಡ ಅಲ್ಲೇ ನಿಂತರೆ ಡಯಾಫ್ರಾಮ್ ಸರಿಯಾಗಿದೆ. ಹಿಂದಕ್ಕೆ ಜಾರಿದರೆ ಹರಿದಿದೆ, ಬದಲಾಯಿಸಬೇಕು. ಹೋಸಿನಲ್ಲಿ ಬಿರುಕಿದ್ದರೂ ಫಲ ಅದೇ, ಹಾಗಾಗಿ ಮೊದಲು ಹೋಸ್ ನೋಡುವುದು ಮೇಲು. ಪಿಸ್ಟನ್ ಇರುವ ಡಬ್ಬಿಯಲ್ಲಾದರೆ ಮುಚ್ಚಳ ತೆಗೆದು, ಪಿಸ್ಟನ್ ತಡೆಯಿಲ್ಲದೆ ಜಾರುತ್ತದೆಯೇ ಎಂದು ನೋಡಬೇಕು. ಈ ಹಂತದಲ್ಲಿ ಪ್ಲೇಟಿಗೂ ಗೋಡೆಗೂ ನಡುವೆ ಎಷ್ಟು ಸಂದು ಬೇಕೆಂಬುದು ಆಯಾ ಕಾರ್ಬುರೇಟರ್ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. ಸರ್ವಿಸ್ ಮ್ಯಾನ್ಯುಯಲ್ ನೋಡಿ, ಆ ಅಳತೆಯ ಡ್ರಿಲ್ ಬಿಟ್ಟನ್ನು ಸಂದಿನಲ್ಲಿ ಹಿಡಿದು ಅಳೆಯುತ್ತಾರೆ.

ಲಕ್ಷಣ: ಬಿಸಿಯಾದ ಮೇಲೂ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಿಸ್ಸಿಂಗ್

ಹೊಗೆಯ ಶಾಖದಿಂದ ನಡೆಯುವ ಚೋಕ್‌ಗೆ ಇದು ಅತಿ ಸಾಮಾನ್ಯವಾದ ಕಾಯಿಲೆ. ಬೆಳಿಗ್ಗೆ ಕಾರು ಚೆನ್ನಾಗಿಯೇ ಹಿಡಿಯುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೂ ಸೈಲೆನ್ಸರ್‌ನಿಂದ ಕಪ್ಪು ಹೊಗೆ ನಿಲ್ಲುವುದಿಲ್ಲ, ಸಿಗ್ನಲ್‌ನಲ್ಲಿ ಎಂಜಿನ್ ಕುಂಟುತ್ತದೆ, ಮೈಲೇಜ್ ಕುಸಿಯುತ್ತದೆ. ಸುಸ್ಥಿತಿಯ ಚೋಕ್, ಹವೆಗೆ ತಕ್ಕಂತೆ, ಸುಮಾರು 3ರಿಂದ 5 ನಿಮಿಷಗಳಲ್ಲಿ ಪೂರ್ತಿ ತೆರೆಯಬೇಕು. ಎಂಜಿನ್ ಬಿಸಿಯಾದ ಮೇಲೆ ಅದನ್ನು ಬಂದ್ ಮಾಡಿ, ಏರ್ ಫಿಲ್ಟರ್ ತೆಗೆದು ನೋಡಿದಾಗ ಪ್ಲೇಟ್ ನೆಟ್ಟಗೆ ನಿಂತಿದ್ದರೆ ದೋಷ ಚೋಕ್‌ನದಲ್ಲ. ಫ್ಲೋಟ್ ಮಟ್ಟ, ನೀಡಲ್ ವಾಲ್ವ್, ಕೊಳೆ ಕಟ್ಟಿದ ಏರ್ ಫಿಲ್ಟರ್ ಇವುಗಳನ್ನು ನೋಡಬೇಕು. ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬುರೇಟರ್ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತುಸು ಪುಷ್ಟ ಮಿಶ್ರಣ ಕೊಡುತ್ತದೆ ಎಂಬುದೂ ನೆನಪಿರಲಿ, ಆದರೆ ಅದರಿಂದ ಕಪ್ಪು ಹೊಗೆ ಬರುವುದಿಲ್ಲ.

ಪ್ಲೇಟ್ ಇನ್ನೂ ಅರೆಮುಚ್ಚಿದ್ದರೆ ಬೆರಳಿನಿಂದ ತೆರೆಯಲು ಯತ್ನಿಸಬೇಕು. ಬೆರಳಿಗೆ ಗಡುಸಾದ ತಡೆ ಸಿಕ್ಕರೆ ಅಚ್ಚು ಅಂಟಿದೆ. ಸ್ಪ್ರಿಂಗ್‌ನಂತೆ ಬಳುಕಿ ಮತ್ತೆ ಮುಚ್ಚಿಕೊಂಡರೆ ಸುರುಳಿ ಇನ್ನೂ ತಣ್ಣಗಿದೆ, ಅಂದರೆ ಅದಕ್ಕೆ ಶಾಖ ಬಂದಿಲ್ಲ. ಇಲ್ಲಿಂದ ಮುಂದೆ ಶಾಖದ ದಾರಿಯನ್ನು ಹಿಡಿದು ಹಿಂದಕ್ಕೆ ಸಾಗಬೇಕು.

ಮೊದಲು ಕೊಳವೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷವಾದ ಮೇಲೆ, ದಪ್ಪ ಕೈಗವಸು ಹಾಕಿ, ಕೊಳವೆ ಡಬ್ಬಿಗೆ ಸೇರುವ ಜಾಗವನ್ನು ಮುಟ್ಟಿ ನೋಡಬೇಕು. ಬಿಸಿ ಸ್ಪಷ್ಟವಾಗಿ ತಿಳಿಯಬೇಕು. ಕೆಳತುದಿ ಸುಡುತ್ತಿದ್ದು ಮೇಲ್ತುದಿ ತಣ್ಣಗಿದ್ದರೆ ಗಾಳಿ ಹರಿಯುತ್ತಿಲ್ಲ. ತುಕ್ಕು ತಿಂದ ಕೊಳವೆ, ನಟ್ಟಿನ ಬಳಿ ಸೀಳಿದ ಕೊಳವೆ, ಹಿಂದೆಂದೋ ಮುರಿದು ಯಾರೋ ಹಾಗೇ ಬಿಟ್ಟ ಕೊಳವೆ, ಇವೆಲ್ಲ ಕಣ್ಣಿಗೇ ಕಾಣುತ್ತವೆ. ಸೀಳಿನಿಂದ ಹೊರಗಿನ ತಣ್ಣನೆಯ ಗಾಳಿ ನುಗ್ಗಿ ಸುರುಳಿಯನ್ನು ತಣ್ಣಗಿಡುತ್ತದೆ.

ನಂತರ ಎಳೆತ. ಕೊಳವೆಯನ್ನು ಡಬ್ಬಿಯ ಕಡೆಯಿಂದ ಕಳಚಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಡಬ್ಬಿಯ ತೂತಿಗೆ ಒಂದು ಚೂರು ತೆಳು ಕಾಗದ ಹಿಡಿದರೆ ಅದು ಮೆಲ್ಲಗೆ ಅಂಟಿಕೊಳ್ಳಬೇಕು. ಅಂಟಿಕೊಳ್ಳದಿದ್ದರೆ ಡಬ್ಬಿಯ ಒಳಗಿನ ನಿರ್ವಾತ ರಂಧ್ರ ಕಟ್ಟಿದೆ, ಅಥವಾ ಮುಚ್ಚಳದ ಗ್ಯಾಸ್ಕೆಟ್ ಹರಿದು ಎಳೆತವೆಲ್ಲ ಅಲ್ಲೇ ಸೋರುತ್ತಿದೆ. ಹತ್ತಿಪ್ಪತ್ತು ರೂಪಾಯಿಯ ಗ್ಯಾಸ್ಕೆಟ್ ಕಾಗದ ತಂದು ಕತ್ತರಿಸಿ ಹಾಕಿದರೂ ಈ ಸೋರಿಕೆ ನಿಲ್ಲುತ್ತದೆ.

ಮುಚ್ಚಳ ತೆಗೆಯುವ ಮುನ್ನ, ಅದರ ಅಂಚಿನ ಗೆರೆ ಡಬ್ಬಿಯ ಯಾವ ಗೆರೆಗೆ ಹೊಂದಿದೆ ಎಂದು ಮೊಳೆಯ ತುದಿಯಿಂದ ಗೀರಿ ಗುರುತಿಡಬೇಕು. ಮೂರು ಸ್ಕ್ರೂ ಮತ್ತು ಅವುಗಳ ತುಂಡು ಪಟ್ಟಿಗಳನ್ನು ತೆಗೆದು ಮುಚ್ಚಳವನ್ನು ನೇರವಾಗಿ ಎಳೆದರೆ ಸುರುಳಿಯೂ ಜೊತೆಗೇ ಬರುತ್ತದೆ. ಹಿಂದೆ ಒಂದು ತೆಳು ತಗಡಿನ ತಟ್ಟೆ, ಅದರ ಹಿಂದೆ ಸನ್ನೆ ಮತ್ತು ಪಿಸ್ಟನ್. ಬೆರಳಿನಿಂದ ಒಳಗೋಡೆಯನ್ನು ಸವರಬೇಕು. ತಿಳಿಕಂದು ಧೂಳು ಬಂದರೆ ವಯಸ್ಸಿನ ಗುರುತಷ್ಟೆ. ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿರುವಂತಹ ಒಣ ಕರಿಮಸಿ ಬೆರಳಿಗೆ ಹತ್ತಿದರೆ ಸಂದೇಹ ಬೇಡ: ಮ್ಯಾನಿಫೋಲ್ಡಿನ ಒಳಗಿನ ಕೊಳವೆ ತೂತಾಗಿ, ಶುದ್ಧ ಗಾಳಿಯ ಬದಲು ಹೊಗೆಯೇ ಚೋಕ್ ಡಬ್ಬಿಗೆ ಬರುತ್ತಿದೆ. ಆ ಮಸಿಯೇ ಪಿಸ್ಟನ್ನನ್ನು ಅಂಟಿಸುತ್ತದೆ, ರಂಧ್ರವನ್ನು ಕಟ್ಟುತ್ತದೆ, ಸುರುಳಿಯನ್ನು ತಿನ್ನುತ್ತದೆ. ಇಂತಹ ಕಾರಿನಲ್ಲಿ ಡಬ್ಬಿಯನ್ನು ಎಷ್ಟು ಸಲ ಸ್ವಚ್ಛ ಮಾಡಿದರೂ ಕೆಲವೇ ವಾರಗಳಲ್ಲಿ ತೊಂದರೆ ಮರುಕಳಿಸುವುದು ಖಂಡಿತ.

ದೃಢಪಡಿಸಿಕೊಳ್ಳಲು, ಕೊಳವೆಯ ಮೇಲ್ತುದಿಯನ್ನು ಕಳಚಿಟ್ಟು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಆ ತುದಿಯ ಎದುರು ಕಾಗದ ಹಿಡಿಯಬೇಕು. ಎಂಜಿನ್ನಿನ ಬಡಿತಕ್ಕೆ ತಕ್ಕಂತೆ ಪುಸುಪುಸು ಎಂದು ಹೊಗೆ ಬಂದು ಕಾಗದ ಅಲುಗಿದರೆ ಒಳಗೆ ತೂತಿದೆ. ಪರಿಹಾರ ಎರಡು: ತೂತಾದ ಕೊಳವೆಯ ಒಳಗೆ ಅಥವಾ ಅದರ ಬದಲಿಗೆ ಹೊಸ ಕೊಳವೆ ಹಾಯಿಸುವುದು, ಇಲ್ಲವೇ ಮ್ಯಾನಿಫೋಲ್ಡಿನ ಹೊರಮೈಗೆ ಬಿಗಿಯುವ ಶಾಖಗ್ರಾಹಕ ಪಟ್ಟಿಯಿಂದ ಗಾಳಿ ಕಾಯಿಸಿಕೊಳ್ಳುವುದು. ಎರಡನೆಯದು ನೋಡಲು ಮೂಲದಂತಿರುವುದಿಲ್ಲ, ಆದರೆ ಎರಕದ ಮ್ಯಾನಿಫೋಲ್ಡನ್ನು ಒಡೆಯುವ ಅಪಾಯ ಅದರಲ್ಲಿಲ್ಲ. ತುಕ್ಕು ಹಿಡಿದ ಕೊಳವೆಯನ್ನು ಎರಕದಿಂದ ಹೊಡೆದು ತೆಗೆಯುವುದು ಮನೆಯ ಅಂಗಳದ ಕೆಲಸವಲ್ಲ. ಇಲ್ಲಿ ನಿಲ್ಲಿಸಿ ಮಷೀನ್ ಶಾಪ್‌ಗೆ ಒಯ್ಯಬೇಕು.

ಕೊಳವೆ, ಎಳೆತ, ಡಬ್ಬಿ ಮೂರೂ ಸರಿಯಿದ್ದರೆ, ಅಥವಾ ಸುರುಳಿ ಮ್ಯಾನಿಫೋಲ್ಡಿನ ಗುಳಿಯಲ್ಲಿರುವ ಬಗೆಯಾಗಿದ್ದರೆ, ಹೊಗೆಯೇ ಅಡ್ಡದಾರಿಗೆ ಬರುತ್ತಿದೆಯೇ ಎಂದು ನೋಡಬೇಕು. ವಿ8 ಎಂಜಿನ್ನಿನ ಒಂದು ಬದಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ಹೀಟ್ ರೈಸರ್ ವಾಲ್ವ್ ಇರುತ್ತದೆ: ಹೊರಗೆ ಒಂದು ಭಾರದ ತುಂಡು ಮತ್ತು ಸ್ಪ್ರಿಂಗ್, ಒಳಗೆ ಒಂದು ತಟ್ಟೆ. ತಣ್ಣಗಿರುವಾಗ ಅದು ಮುಚ್ಚಿಕೊಂಡು ಹೊಗೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡ್ಡದಾರಿಯ ಮೂಲಕ ಎದುರು ಬದಿಗೆ ತಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಆ ಭಾರವನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಿ ಮರಳಬೇಕು. ತೆರೆದ ಸ್ಥಿತಿಯಲ್ಲಿ ತುಕ್ಕು ಹಿಡಿದು ನಿಂತಿದ್ದರೆ ಅಡ್ಡದಾರಿಗೆ ಸಾಕಷ್ಟು ಹೊಗೆ ಬರದು, ಚೋಕ್ ತಡವಾಗಿ ತೆರೆಯುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಚೋಕ್ ಬೇಗನೆ ತೆರೆಯುತ್ತದೆ ಸರಿ, ಆದರೆ ಎಂಜಿನ್ ಶಕ್ತಿ ಕುಗ್ಗುತ್ತದೆ, ಮ್ಯಾನಿಫೋಲ್ಡಿನ ನಡುಭಾಗದ ಬಣ್ಣ ಸುಟ್ಟು ಏಳುತ್ತದೆ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಕುದಿಯುತ್ತದೆ. ಸಡಿಲಿಸಲು ತಣ್ಣನೆಯ ಅಚ್ಚಿಗೆ ತುಕ್ಕು ಬಿಡಿಸುವ ದ್ರವ ಬಿಟ್ಟು, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಅಚ್ಚಿನ ತುದಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಎಂಜಿನ್ ಆಯಿಲ್ ಬಿಡಬಾರದು. ಅದು ಸುಟ್ಟು ಕರಕಾಗಿ ಇನ್ನಷ್ಟು ಬಿಗಿಯುತ್ತದೆ.

ವಾಲ್ವ್ ಸಲೀಸಾಗಿದ್ದೂ ಮ್ಯಾನಿಫೋಲ್ಡಿನ ನಡುಭಾಗ ಬಿಸಿಯಾಗದಿದ್ದರೆ ಅಡ್ಡದಾರಿ ಮಸಿಯಿಂದ ಕಟ್ಟಿದೆ. ಕಾರ್ಬುರೇಟರ್ ಅಡಿಯ ಆ ದಾರಿಯಲ್ಲಿ ದಶಕಗಳ ಕರಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಇಳಿಸದೆ ಅದನ್ನು ತೆಗೆಯುವ ಉಪಾಯವಿಲ್ಲ. ಈ ಕೆಲಸವನ್ನು ಹಳೆಯ ವಿ8 ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡುವುದೇ ವಿವೇಕ.

ಈ ಲಕ್ಷಣವಿರುವ ಕಾರನ್ನು ‘ಹೇಗೂ ಓಡುತ್ತದಲ್ಲ’ ಎಂದು ಓಡಿಸುತ್ತಿರಬಾರದು. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ದೋಷ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡಕೂಡದು.

ಲಕ್ಷಣ: ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊರಟರೆ ತೊಂದರೆ

ಎಂಜಿನ್ ಕಬ್ಬಿಣದ ರಾಶಿ, ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ. ಕಾರ್ಬುರೇಟರ್ ಬದಿಯ ಸುರುಳಿ ಅದಕ್ಕಿಂತ ಬಹಳ ಬೇಗ ತಣಿಯುತ್ತದೆ. ಹೀಗಾಗಿ ಎಂಜಿನ್ನಿಗೆ ಚೋಕ್ ಬೇಡದಿದ್ದರೂ ಪ್ಲೇಟ್ ಮತ್ತೆ ಮುಚ್ಚಿಕೊಂಡು, ಮೊದಲ ಒಂದೆರಡು ನಿಮಿಷ ಕಾರು ಹೊಗೆ ಬಿಡುತ್ತದೆ. ಇದು ಬಿಸಿಗಾಳಿ ಚೋಕ್‌ನ ಹುಟ್ಟುಗುಣ. ಸ್ವಲ್ಪ ಮಟ್ಟಿಗೆ ಒಪ್ಪಿಕೊಳ್ಳಲೇಬೇಕು. ಕೊಳವೆಯ ಶಾಖನಿರೋಧಕ ಹೊದಿಕೆ ಕಳೆದುಹೋಗಿದ್ದರೆ ಹೊಸದನ್ನು ಹಾಕುವುದರಿಂದ ಪ್ಲೇಟ್ ಬೇಗ ತೆರೆಯುತ್ತದೆ.

ಪೆಟ್ರೋಲ್ ಉಕ್ಕಿ ಪ್ಲಗ್ ಒದ್ದೆಯಾಗಿದ್ದರೆ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಬೇಕು, ಪಂಪ್ ಮಾಡಬಾರದು. ಪೆಡಲ್ ಪೂರ್ತಿ ಇಳಿದಾಗ ಒಂದು ಸನ್ನೆ ಪ್ಲೇಟನ್ನು ಬಲವಂತವಾಗಿ ತುಸು ತೆರೆದು ಗಾಳಿ ಬಿಡುತ್ತದೆ. ಅದು ತೆರೆಯದಿದ್ದರೆ ಸನ್ನೆ ಬಾಗಿರಬಹುದು. ಅದಕ್ಕೂ ಮೊದಲು ಪೆಡಲ್ ಅಡಿಯ ಮ್ಯಾಟ್ ದಪ್ಪವಾಗಿ ಪೆಡಲ್ ಪೂರ್ತಿ ಇಳಿಯುತ್ತಿಲ್ಲವೇ ಎಂದು ನೋಡುವುದು ಒಳ್ಳೆಯದು.

ಲಕ್ಷಣ: ಬಿಸಿಯಾದ ಮೇಲೂ ಐಡ್ಲಿಂಗ್ ಇಳಿಯುವುದಿಲ್ಲ

ಪೆಡಲನ್ನು ಒಮ್ಮೆ ತಟ್ಟಿ ಬಿಟ್ಟಾಗ ಐಡ್ಲಿಂಗ್ ಇಳಿದರೆ ದೋಷವಿಲ್ಲ. ಕ್ಯಾಮ್ ಮುಕ್ತವಾಗಲು ಆ ತಟ್ಟು ಬೇಕೇ ಬೇಕು. ಇಳಿಯದಿದ್ದರೆ ಪ್ಲೇಟ್ ತೆರೆದಿಲ್ಲ, ಇಲ್ಲವೇ ಕ್ಯಾಮ್ ತನ್ನ ಅಚ್ಚಿನಲ್ಲಿ ಅಂಟಿದೆ. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಇದನ್ನು ಸಣ್ಣ ವಿಷಯವೆನ್ನಲಾಗದು: ಗೇರ್ ಹಾಕಿದೊಡನೆ ಕಾರು ಮುನ್ನುಗ್ಗುತ್ತದೆ. ಸರಿಪಡಿಸುವವರೆಗೆ ರಸ್ತೆಗೆ ತರಬಾರದು.

ಲಕ್ಷಣ: ಹೆಡರ್ ಹಾಕಿಸಿದ ಮೇಲೆ ಚೋಕ್ ತೆರೆಯುವುದೇ ಇಲ್ಲ

ಮೂಲ ಎರಕದ ಮ್ಯಾನಿಫೋಲ್ಡ್ ತೆಗೆದು ಕೊಳವೆ ಹೆಡರ್ ಹಾಕಿದರೆ, ಅಥವಾ ಅಡ್ಡದಾರಿ ಮುಚ್ಚುವ ಗ್ಯಾಸ್ಕೆಟ್ ಹಾಕಿದರೆ ಶಾಖದ ಮೂಲವೇ ಹೋಗುತ್ತದೆ. ಇಲ್ಲಿ ವಿದ್ಯುತ್ ಮುಚ್ಚಳಕ್ಕೆ ಬದಲಾಯಿಸುವುದು ನ್ಯಾಯವಾದ ದಾರಿ. ಮೂರು ವಿಷಯ ಗಮನದಲ್ಲಿರಲಿ. ಎಂಜಿನ್ ಓಡುವಾಗ ಮಾತ್ರ ಕರೆಂಟ್ ಬರುವ ಜಾಗದಿಂದ ತಂತಿ ತರಬೇಕು. ಇಲ್ಲದಿದ್ದರೆ ಕೀಲಿ ಹಾಕಿಟ್ಟಷ್ಟು ಹೊತ್ತೂ ಸುರುಳಿ ಕಾದು, ಎಂಜಿನ್ ತಣ್ಣಗಿದ್ದರೂ ಚೋಕ್ ತೆರೆದಿರುತ್ತದೆ. ಇಗ್ನಿಷನ್ ಕಾಯಿಲ್‌ನಿಂದ ತಂತಿ ತರಬಾರದು. ಅಲ್ಲಿ ವೋಲ್ಟೇಜ್ ಕಡಿಮೆಯಿರುತ್ತದೆ, ಕಿಡಿಯೂ ಕ್ಷೀಣಿಸುತ್ತದೆ. ಹಳೆಯ ಬಿಸಿಗಾಳಿ ತೂತು ಮತ್ತು ನಿರ್ವಾತ ರಂಧ್ರವನ್ನು ಕಿಟ್‌ನ ಸೂಚನೆಯಂತೆ ಮುಚ್ಚಬೇಕು. ತೆರೆದು ಬಿಟ್ಟರೆ ಧೂಳಿನ ಗಾಳಿ ನೇರವಾಗಿ ಎಂಜಿನ್ ಸೇರುತ್ತದೆ. ಷೆವರ್ಲೆ ಕಾರುಗಳು 12 ವೋಲ್ಟ್‌ಗೆ ಬದಲಾದದ್ದು 1955ರಲ್ಲಿ. ಅದಕ್ಕೆ ಹಿಂದಿನ 6 ವೋಲ್ಟ್ ಕಾರಿಗೆ 12 ವೋಲ್ಟ್ ಮುಚ್ಚಳ ಹಾಕಿದರೆ ಅದು ಸಾಕಷ್ಟು ಕಾಯುವುದೇ ಇಲ್ಲ.

ಕೊನೆಗೆ, ಮುಚ್ಚಳದ ಹೊಂದಾಣಿಕೆ

ಪ್ಲೇಟ್ ಹಗುರವಾಗಿ ಆಡುತ್ತಿದೆ, ಡಬ್ಬಿ ಸ್ವಚ್ಛವಾಗಿದೆ, ಎಳೆತವಿದೆ, ಕೊಳವೆ ಬಿಸಿಯಾಗುತ್ತಿದೆ ಎಂದು ಖಚಿತವಾದ ಮೇಲಷ್ಟೇ ಇದಕ್ಕೆ ಕೈ ಹಾಕಬೇಕು. ಸರ್ವಿಸ್ ಮ್ಯಾನ್ಯುಯಲ್‌ನ ಸೂಚನೆ ಹೆಚ್ಚಾಗಿ ನಡುಗೆರೆ ಅಥವಾ ಅದರ ಅಕ್ಕಪಕ್ಕದ ಒಂದೆರಡು ಗೆರೆ. ಮೊದಲು ಮುಚ್ಚಳವನ್ನು ಅಲ್ಲಿಗೆ ತರಬೇಕು. ಕೂರಿಸುವಾಗ ಸುರುಳಿಯ ಕೊಕ್ಕೆ ಸನ್ನೆಯನ್ನು ಹಿಡಿದಿದೆಯೇ ಎಂದು ತಿಳಿಯಲು ಮುಚ್ಚಳವನ್ನು ಅತ್ತಿತ್ತ ತಿರುಗಿಸಿ, ಪ್ಲೇಟ್ ಜೊತೆಗೆ ಚಲಿಸುವುದನ್ನು ನೋಡಬೇಕು. ಹಲವು ಮುಚ್ಚಳಗಳ ಮೇಲೆ ‘ರಿಚ್’ (ಪೆಟ್ರೋಲ್ ಹೆಚ್ಚು), ‘ಲೀನ್’ (ಪೆಟ್ರೋಲ್ ಕಡಿಮೆ) ಎಂಬ ಬಾಣದ ಗುರುತುಗಳಿರುತ್ತವೆ. ಬೆಳಿಗ್ಗೆ ಹಿಡಿಯಲು ಕಷ್ಟವಾದರೆ ರಿಚ್ ಕಡೆಗೆ ಒಂದು ಗೆರೆ. ಹೊಗೆ ಹೆಚ್ಚು ಹೊತ್ತು ಉಳಿದರೆ ಲೀನ್ ಕಡೆಗೆ ಒಂದು ಗೆರೆ. ನಡುಗೆರೆಯಿಂದ ಮೂರು ನಾಲ್ಕು ಗೆರೆ ಆಚೆ ಹೋದರೂ ಸರಿಹೋಗದಿದ್ದರೆ ಒಂದೋ ಸುರುಳಿ ಸೋತಿದೆ, ಇಲ್ಲವೇ ಮೇಲಿನ ಪರೀಕ್ಷೆಗಳಲ್ಲಿ ಯಾವುದೋ ಒಂದು ತಪ್ಪಿಹೋಗಿದೆ.

1970ರ ದಶಕದ ಕೊನೆಯ ಮತ್ತು ಆನಂತರದ ಕೆಲವು ಕಾರುಗಳಲ್ಲಿ ಮುಚ್ಚಳಕ್ಕೆ ಸ್ಕ್ರೂ ಬದಲು ರಿವೆಟ್ ಹೊಡೆದಿರುತ್ತಾರೆ. ಹೊಗೆಯ ನಿಯಮಗಳಿಗಾಗಿ ಅದನ್ನು ಯಾರೂ ತಿರುಗಿಸಬಾರದೆಂಬ ಉದ್ದೇಶ ಅದರದು. ಅವನ್ನು ಕೊರೆದು ತೆಗೆಯುವಾಗ ಡಬ್ಬಿಯ ಮೃದು ಲೋಹ ಸುಲಭವಾಗಿ ಒಡೆಯುತ್ತದೆ, ಅದನ್ನು ಕಾರ್ಬುರೇಟರ್ ಕೆಲಸದವರಿಗೇ ಕೊಡುವುದು ಲೇಸು.

ಒಂದು ಗೆರೆ ತಿರುಗಿಸಿದ ಫಲ ತಿಳಿಯುವುದು ಎಂಜಿನ್ ರಾತ್ರಿಯೆಲ್ಲ ತಣಿದ ಮೇಲೆ, ಮರುದಿನ ಬೆಳಿಗ್ಗೆಯ ಮೊದಲ ಸ್ಟಾರ್ಟ್‌ನಲ್ಲಿ. ಒಂದೇ ದಿನ ಎರಡು ಸಲ ತಿರುಗಿಸುವುದರಿಂದ ಏನೂ ತಿಳಿಯದು. ತಾರೀಕು, ಬೆಳಗಿನ ಹವೆ, ಮುಚ್ಚಳ ನಿಂತ ಗೆರೆ ಈ ಮೂರನ್ನು ಏರ್ ಫಿಲ್ಟರ್ ಡಬ್ಬಿಯ ಒಳಮುಚ್ಚಳದ ಮೇಲೆ ಮಾರ್ಕರ್‌ನಿಂದ ಬರೆದಿಟ್ಟರೆ, ಮುಂದೆ ಅದನ್ನು ಬಿಚ್ಚುವ ಮೆಕ್ಯಾನಿಕ್‌ಗೂ ಉಪಯೋಗವಾಗುತ್ತದೆ.